ಗೌರವ ಫಲಕದಲ್ಲಿ ಯಾರ ಹೆಸರು? ಮೋಹನ್ ಬಾಗಾನ್ ಚರಿತ್ರೆ ಹೇಳುವ ಪಾಠ

ಐವತ್ತು ವರ್ಷ ತುಂಬಿದ ಯಾವ ಸಂಸ್ಥೆಯ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ನಡೆದು ಬಂದ ದಾರಿಯಲ್ಲಿ ಯಾರನ್ನು ನೆನೆಯಬೇಕು? ಯಾರ ಹೆಸರನ್ನು ಫಲಕದ ಮೇಲೆ ಬರೆಸಬೇಕು? ಪಟ್ಟಿ ಮಾಡಲು ಕುಳಿತರೆ ಹತ್ತು ಹೆಸರು ಸುಲಭವಾಗಿ ಬರುತ್ತವೆ. ಹನ್ನೊಂದನೆಯ ಹೆಸರಿಗೆ ಚರ್ಚೆ ಶುರುವಾಗುತ್ತದೆ. ಈ ಚರ್ಚೆ ಶಾಲೆಗಳಿಗೆ ಮಾತ್ರ ಸೇರಿದ್ದಲ್ಲ. ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ತಮ್ಮ 'ಹಾಲ್ ಆಫ್ ಫೇಮ್' ಅಂದರೆ ಕೀರ್ತಿವಂತರ ಪಟ್ಟಿಗೆ ಯಾರನ್ನು ಸೇರಿಸಬೇಕೆಂದು ವರ್ಷವರ್ಷವೂ ತಲೆ ಕೆಡಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಈ ವಿಚಾರವನ್ನು ಅರಿಯಲು ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿಗಿಂತ ಒಳ್ಳೆಯ ಉದಾಹರಣೆ ಸಿಗದು. 1889ರ ಆಗಸ್ಟ್ 15ರಂದು ಹುಟ್ಟಿದ ಈ ಕ್ಲಬ್ಬು 2001ರಿಂದ 'ಮೋಹನ್ ಬಾಗಾನ್ ರತ್ನ' ಎಂಬ ಗೌರವವನ್ನು ಕೊಡುತ್ತ ಬಂದಿದೆ. ಅದರ ಚರಿತ್ರೆಯ ಪುಟಗಳನ್ನು ತಿರುವಿದರೆ ಗೌರವಕ್ಕೆ ಅಳತೆಗೋಲು ಯಾವುದು ಎಂಬುದಕ್ಕೆ ಕೆಲವು ಉತ್ತರಗಳು ದೊರೆಯುತ್ತವೆ.

ಮೊದಲ ಉತ್ತರದಲ್ಲಿ ಯಾರಿಗೂ ತಕರಾರಿಲ್ಲ. ಅದು 1911ರ ಜುಲೈ 29. ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯ. ಎದುರಾಳಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್, ಬ್ರಿಟಿಷ್ ಸೈನ್ಯದ ತಂಡ. ಮೋಹನ್ ಬಾಗಾನ್ ಪರ ಕಾಲಿಗೆ ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಉಳಿದ ಹತ್ತು ಮಂದಿ ಬರಿಗಾಲಿನವರು. ಸೈನಿಕರ ತಂಡ ಮೊದಲು ಗೋಲು ಹೊಡೆಯಿತು. ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು. ಆಟ ಮುಗಿಯಲು ಸ್ವಲ್ಪವೇ ಹೊತ್ತು ಇರುವಾಗ ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. 2-1. ಭಾರತೀಯರ ತಂಡವೊಂದು ಶೀಲ್ಡ್ ಗೆದ್ದದ್ದು ಅದೇ ಮೊದಲು. ವಂಗಭಂಗದ ನೋವು ಇನ್ನೂ ಆರದಿದ್ದ ಕಾಲ ಅದು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಬಹುದು ಎಂಬುದನ್ನು ಆ ಹನ್ನೊಂದು ಮಂದಿ ತೋರಿಸಿಕೊಟ್ಟರು. ಅವರನ್ನು ಇಂದಿಗೂ 'ಅಮರ ಏಕಾದಶ' ಎಂದು ಕರೆಯುತ್ತಾರೆ. ಜುಲೈ 29 ಈಗ ಮೋಹನ್ ಬಾಗಾನ್ ದಿನ. ಒಂದು ಸಂಸ್ಥೆಯ ದಿಕ್ಕನ್ನೇ ಬದಲಿಸಿದವರಿಗೆ ಗೌರವ ಸಲ್ಲಬೇಕು ಎಂಬುದು ಇಲ್ಲಿಯ ಪಾಠ.

ಆದರೆ ಇದೊಂದೇ ಅಳತೆಗೋಲಾದರೆ ಗೆದ್ದವರಿಗಷ್ಟೇ ಜಾಗ ಸಿಗುತ್ತದೆ. ಎರಡನೆಯ ಉದಾಹರಣೆಯನ್ನು ನೋಡಿ. ಗೋಷ್ಠ ಪಾಲ್ ಎಂಬ ರಕ್ಷಣಾ ಆಟಗಾರ 1911ರ ಗೆಲುವಿನ ನಂತರ ಕ್ಲಬ್ಬಿಗೆ ಬಂದು 1935ರವರೆಗೆ ಆಡಿದರು. ಅವರನ್ನು ದಾಟಿ ಚೆಂಡು ಒಯ್ಯುವುದು ಎಷ್ಟು ಕಷ್ಟವಾಗಿತ್ತೆಂದರೆ ಜನ ಅವರಿಗೆ 'ಚೀನಾದ ಗೋಡೆ' ಎಂದು ಹೆಸರಿಟ್ಟರು. ಅಷ್ಟು ವರ್ಷ ಆಡಿದರೂ ಅವರ ಕೈಗೆ ಶೀಲ್ಡ್ ಸಿಗಲಿಲ್ಲ, ಕಲ್ಕತ್ತಾ ಲೀಗ್ ಕೂಡ ಸಿಗಲಿಲ್ಲ. 1923ರ ಶೀಲ್ಡ್ ಫೈನಲ್‌ನಲ್ಲಿ ಕಲ್ಕತ್ತಾ ಎಫ್.ಸಿ. ಎದುರು ತಂಡ ಸೋತಿತು. ಮೋಹನ್ ಬಾಗಾನ್ ಮೊದಲ ಬಾರಿ ಲೀಗ್ ಗೆದ್ದದ್ದು 1939ರಲ್ಲಿ; ಎರಡನೆಯ ಸಲ ಶೀಲ್ಡ್ ಗೆದ್ದದ್ದು 1947ರಲ್ಲಿ. ಅಷ್ಟರೊಳಗೆ ಗೋಷ್ಠ ಪಾಲ್ ಆಟದಿಂದ ನಿವೃತ್ತರಾಗಿದ್ದರು. ಹಾಗೆಂದು ಅವರು ಮರೆಯಾದರೆ? ಇಲ್ಲ. 1962ರಲ್ಲಿ ಪದ್ಮಶ್ರೀ ಬಂತು. ಆ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರೇ. ಕೋಲ್ಕತ್ತದ ಮೈದಾನದ ಬಳಿ ಅವರ ಪ್ರತಿಮೆ ನಿಂತಿದೆ. ಎರಡು ದೊಡ್ಡ ಗೆಲುವುಗಳ ನಡುವಿನ ಬರಗಾಲದಲ್ಲಿ ಸಂಸ್ಥೆಯ ಮಾನ ಕಾದವರು ಗೆದ್ದವರಿಗಿಂತ ಕಡಿಮೆಯೇನಲ್ಲ. ಕಪಾಟಿನಲ್ಲಿರುವ ಕಪ್ಪುಗಳನ್ನು ಎಣಿಸಿ ಪಟ್ಟಿ ಮಾಡುವವರು ಗೋಷ್ಠ ಪಾಲ್ ಅವರನ್ನು ಒಮ್ಮೆ ನೆನೆಯಬೇಕು.

ಮೂರನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಒಬ್ಬರು ಬಹು ಜನರ ಕಣ್ಣೆದುರು ಎಡವಿದ್ದರೆ ಅವರಿಗೆ ಗೌರವ ಕೊಡಬಹುದೆ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ನಾಗಾ ನಾಡಿನ ಡಾ. ಟಿ. ಆವ್ ನಾಯಕರು. ಅವರೂ ಮೋಹನ್ ಬಾಗಾನ್ ಆಟಗಾರರೇ. ಭಾರತ ಹೊಡೆದ ಒಂದೇ ಗೋಲು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್ ಅವರದು. ಅದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕಾದದ್ದೇ. ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಕೈತಪ್ಪಿದವು. 1-2ರಿಂದ ಸೋತೆವು. ಪೆನಾಲ್ಟಿ ತಪ್ಪಿಸಿದವರಲ್ಲಿ ಒಬ್ಬರು ಮೋಹನ್ ಬಾಗಾನ್‌ನ ಶೈಲೇನ್ ಮನ್ನಾ. ಅದೇ ಮನ್ನಾ ಮೂರು ವರ್ಷಗಳ ನಂತರ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕರಾಗಿ ಚಿನ್ನ ತಂದರು. 1942ರಿಂದ ಸುಮಾರು ಹತ್ತೊಂಬತ್ತು ವರ್ಷ ಒಂದೇ ಕ್ಲಬ್ಬಿಗೆ ಆಡಿದರು. ಹೊಟ್ಟೆಪಾಡಿಗೆ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯಲ್ಲಿ ನೌಕರಿ ಮಾಡಿದರು. 2001ರಲ್ಲಿ ಮೋಹನ್ ಬಾಗಾನ್ ರತ್ನ ಗೌರವವನ್ನು ಆರಂಭಿಸಿದಾಗ ಮೊದಲು ಕರೆದದ್ದು ಅವರನ್ನೇ. ನಡೆಯುವವರು ಎಡವುತ್ತಾರೆ, ಕುಳಿತವರಿಗೆ ಎಡವುವ ಭಯವಿಲ್ಲ. ಒಂದು ದಿನದ ತಪ್ಪನ್ನು ತಕ್ಕಡಿಯ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಇಡೀ ಬದುಕನ್ನು ಇಡಬೇಕು.

ನಾಲ್ಕನೆಯದು ನಮ್ಮವರು, ಹೊರಗಿನವರು ಎಂಬ ವಿಚಾರ. ಚುನಿ ಗೋಸ್ವಾಮಿ ಎಂಟು ವರ್ಷದ ಬಾಲಕನಾಗಿ 1946ರಲ್ಲಿ ಮೋಹನ್ ಬಾಗಾನ್ ಸೇರಿ, 1968ರಲ್ಲಿ ಆಟ ಬಿಡುವವರೆಗೂ ಬೇರೆ ಕ್ಲಬ್ಬಿನ ಕಡೆ ತಿರುಗಿ ನೋಡಲಿಲ್ಲ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರು ಅವರು. ಅಂಥವರ ಬಗ್ಗೆ ಮಾತಿಲ್ಲ. ಆದರೆ ಅದೇ ಫೈನಲ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡು, ತಮ್ಮ ರಕ್ಷಣೆಯ ಜಾಗ ಬಿಟ್ಟು ಮುಂಚೂಣಿಯಲ್ಲಿ ಆಡಿ ಗೋಲು ಹೊಡೆದ ಜರ್ನೈಲ್ ಸಿಂಗ್ ಪಂಜಾಬಿನವರು. ಆ ತಂಡದಲ್ಲಿದ್ದ ಅರುಮೈನಾಯಗಂ ನಮ್ಮ ಬೆಂಗಳೂರಿನವರು. ಕೋಲ್ಕತ್ತದ ಜನ ಅವರನ್ನು ತಮ್ಮವರೆಂದೇ ಅಪ್ಪಿಕೊಂಡರು. ವಿದೇಶಿ ಆಟಗಾರರನ್ನು ತೆಗೆದುಕೊಳ್ಳುವುದಿಲ್ಲ ಎಂದು ಬಹುಕಾಲ ಹಟ ಹಿಡಿದಿದ್ದ ಕ್ಲಬ್ಬು 1991ರಲ್ಲಿ ನೈಜೀರಿಯಾದ ಚೀಮಾ ಒಕೋರಿಗೆ ಬಾಗಿಲು ತೆರೆಯಿತು. 1999ರಲ್ಲಿ ಬ್ರೆಜಿಲ್‌ನಿಂದ ಬಂದ ಬರೆಟೊ ಎರಡು ಅವಧಿಗಳಲ್ಲಿ 200ಕ್ಕೂ ಹೆಚ್ಚು ಗೋಲು ಹೊಡೆದು, 2012ರಲ್ಲಿ ವಿದಾಯ ಹೇಳುವಾಗ ಅಭಿಮಾನಿಗಳ ಕಣ್ಣಲ್ಲಿ ನೀರು ತರಿಸಿದರು. ಎಲ್ಲಿ ಹುಟ್ಟಿದರು ಎಂದು ಕೇಳುವುದಕ್ಕಿಂತ ಇಲ್ಲಿ ಏನು ಬಿತ್ತಿದರು ಎಂದು ಕೇಳುವುದು ಸರಿ.

ಐದನೆಯ ಉದಾಹರಣೆ ನಡೆದದ್ದು ನಮ್ಮ ರಾಜಧಾನಿಯಲ್ಲೇ. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ. ಮೋಹನ್ ಬಾಗಾನ್‌ಗೆ ಪ್ರಶಸ್ತಿ ಗೆಲ್ಲಲು ಡ್ರಾ ಸಾಕಿತ್ತು. ಗೆದ್ದರೆ ಬೆಂಗಳೂರು ಎಫ್.ಸಿ.ಗೆ ಪ್ರಶಸ್ತಿ. ಬೆಂಗಳೂರು ಒಂದು ಗೋಲಿನಿಂದ ಮುಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ನೈಜೀರಿಯಾದ ರಕ್ಷಣಾ ಆಟಗಾರ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು. 1-1. ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಪ್ರಶಸ್ತಿ ಮತ್ತೆ ಕೋಲ್ಕತ್ತದ ಆ ಕ್ಲಬ್ಬಿಗೆ ಹೋಯಿತು. ಆ ಒಂದು ಗೋಲಿಗಾಗಿ ಬೆಲ್ಲೊ ಅವರನ್ನು ಗೋಷ್ಠ ಪಾಲ್, ಮನ್ನಾ ಅವರ ಸಾಲಿನಲ್ಲಿ ಕೂರಿಸಬೇಕೆ? ನನ್ನ ಅಭಿಪ್ರಾಯದಲ್ಲಿ ಬೇಡ. ಆ ಗೋಲನ್ನು ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯೋಣ. ಆದರೆ ಘಟನೆಗೆ ಸಲ್ಲುವ ನೆನಪು ಬೇರೆ, ವ್ಯಕ್ತಿಗೆ ಸಲ್ಲುವ ಗೌರವ ಬೇರೆ. 1911ರ ಅಭಿಲಾಷ್ ಘೋಷ್ ಹೊಡೆದದ್ದೂ ಒಂದೇ ಗೋಲಲ್ಲವೆ ಎಂದು ಯಾರಾದರೂ ಕೇಳಬಹುದು. ಆ ಗೋಲು ಒಂದು ಕಪ್ಪನ್ನು ಮಾತ್ರ ತರಲಿಲ್ಲ, ಒಂದು ಜನಾಂಗದ ಬೆನ್ನನ್ನೇ ನೆಟ್ಟಗೆ ಮಾಡಿತು. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಇನ್ನು ಆರನೆಯದು, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಆಡದವರ ಗತಿಯೇನು? 1911ರ ತಂಡವನ್ನು ಕಟ್ಟಿದವರು ಕಾರ್ಯದರ್ಶಿ ಶೈಲೇನ್ ಬಸು. ಸೈನ್ಯದಲ್ಲಿ ಸುಬೇದಾರ್ ಮೇಜರ್ ಆಗಿದ್ದ ಅವರು ಆಟಗಾರರ ಮೈಕಟ್ಟು, ಶಿಸ್ತುಗಳ ಕಡೆ ಗಮನ ಕೊಟ್ಟರು. ಹನ್ನೊಂದು ಮಂದಿಯ ಹೆಸರು ಬಾಯಿಪಾಠ ಬರುವವರಿಗೂ ಅವರ ಹೆಸರು ತಟ್ಟನೆ ನೆನಪಾಗುವುದಿಲ್ಲ. ಕೋಲ್ಕತ್ತದ ಮೈದಾನದ ಕ್ಲಬ್ಬುಗಳಲ್ಲಿ 'ಮಾಲಿ'ಗಳು ಎಂಬ ಕೆಲಸಗಾರರಿದ್ದಾರೆ. ಅವರಲ್ಲಿ ಬಹಳ ಜನ ಒಡಿಶಾದಿಂದ ಬಂದವರು. ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಆಟಗಾರರ ಬಟ್ಟೆಬರೆ ನೋಡಿಕೊಳ್ಳುವುದು ಅವರ ಕೆಲಸ. ಅವರಿಲ್ಲದೆ ಒಂದು ದಿನದ ಆಟವೂ ನಡೆಯದು. ಎಲೆಮರೆಯ ಕಾಯಿಗಳಂತಿರುವ ಇಂಥವರಿಗೆ ಯಾವ ಪಟ್ಟಿಯಲ್ಲೂ ಒಂದು ಸಾಲಾದರೂ ಇರಬೇಕು.

ಪಟ್ಟಿಯನ್ನೇ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿದ್ದ ಹೆಸರಾಂತ ಪಂದ್ಯಾವಳಿ. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕೋಲ್ಕತ್ತದ್ದಲ್ಲ, 1937ರಲ್ಲಿ ಗೆದ್ದ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಇದೇ ಮೋಹನ್ ಬಾಗಾನ್ ತಂಡವನ್ನು. 1911ರ ಹನ್ನೊಂದು ಹೆಸರು ಬಂಗಾಳದ ಮಕ್ಕಳಿಗೆ ಗೊತ್ತು. 1937ರ ನಮ್ಮ ಹನ್ನೊಂದು ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಮೋಹನ್ ಬಾಗಾನ್‌ನ ಬದ್ಧ ಎದುರಾಳಿ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಮುಂಚೂಣಿಯ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. 2017ರಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿಗಿಂತ ಕೋಲ್ಕತ್ತದಲ್ಲಿ ಅವರನ್ನು ಬಲ್ಲವರು ಹೆಚ್ಚಿದ್ದರೇನೋ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬಂಗಾಳದವರಿಗೆ ನಮಗಿಂತ ಹೆಚ್ಚಿನ ವೀರರು ಇದ್ದರೆಂದಲ್ಲ. ಅವರು ಬರೆದಿಟ್ಟರು, ವರ್ಷಕ್ಕೊಂದು ದಿನ ನೆನೆದರು. ನಾವು ಎರಡನ್ನೂ ಮಾಡಲಿಲ್ಲ.

ಇಷ್ಟೆಲ್ಲ ಹೇಳಿದ್ದು ದೂರದ ಕ್ಲಬ್ಬಿನ ಚರಿತ್ರೆಗಾಗಿ ಮಾತ್ರ ಅಲ್ಲ. ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನಮ್ಮ ಊರಲ್ಲೂ ಇದೇ ಪ್ರಶ್ನೆ ಇದೆ. ದೊಡ್ಡ ಹುದ್ದೆಗೇರಿದ ಹಳೆಯ ವಿದ್ಯಾರ್ಥಿಗಳ ಹೆಸರು ಫಲಕದಲ್ಲಿ ಬರಲಿ, ಅದು ನ್ಯಾಯ. ಅವರ ಜೊತೆಗೆ ಫಲಿತಾಂಶ ಕುಸಿದಿದ್ದ ವರ್ಷಗಳಲ್ಲೂ ಶಾಲೆಯ ಕೈಬಿಡದ ಗೋಷ್ಠ ಪಾಲರಂಥ ಮೇಷ್ಟ್ರುಗಳೂ ಬರಲಿ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದು ನಮ್ಮವರೇ ಆಗಿಹೋದ ಶಿಕ್ಷಕಿಯರು ಬರಲಿ. ಗಂಟೆ ಹೊಡೆದವರು, ಬಿಸಿಯೂಟ ಬಡಿಸಿದವರು, ಕಟ್ಟಡಕ್ಕೆ ಕಲ್ಲು ಮಣ್ಣು ಹೊತ್ತ ಊರವರು ಬರಲಿ. ಹಣ ಕೊಟ್ಟದ್ದೊಂದೇ ಅರ್ಹತೆಯಾಗದಿರಲಿ. ಆಯ್ಕೆ ಏಕೆಂಬ ಕಾರಣವನ್ನು ಪ್ರತಿ ಹೆಸರಿನ ಮುಂದೆ ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಂದೆ ಜಗಳಕ್ಕೆ ಎಡೆ ಇರದು.

ಮೋಹನ್ ಬಾಗಾನ್ ಮಾಡಿದಂತೆ ಎಲ್ಲರನ್ನೂ ಒಂದೇ ಸಲಕ್ಕೆ ಸೇರಿಸಬೇಕೆಂದೇನಿಲ್ಲ ಎಂಬುದನ್ನೂ ಕಲಿಯಬಹುದು. ವರ್ಷಕ್ಕೊಬ್ಬರನ್ನು ಆರಿಸೋಣ, ಶಾಲಾ ವಾರ್ಷಿಕೋತ್ಸವದ ದಿನ ಮಕ್ಕಳೆದುರು ಅವರ ಕಥೆ ಹೇಳೋಣ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಒಂದಿದೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು, ಹಾಜರಿ ಪಟ್ಟಿಗಳು, ಆಟೋಟಗಳ ಫೋಟೋಗಳು ಗೆದ್ದಲ ಪಾಲಾಗುವ ಮುನ್ನ ಅವನ್ನು ತೆಗೆದು, ಪ್ರತಿ ಮಾಡಿಸಿ, ಹಿರಿಯರನ್ನು ಕೂರಿಸಿಕೊಂಡು ಫೋಟೋದಲ್ಲಿರುವವರ ಹೆಸರುಗಳನ್ನು ಹಿಂಬದಿಯಲ್ಲಿ ಬರೆಸಬೇಕು. ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ನೂರನೆಯ ವರ್ಷದ ಸಂಚಿಕೆಯನ್ನು ಬರೆಯುವವರು ಆ ಫೋಟೋಗಳನ್ನು ಹಿಡಿದು 'ಇವರು ಯಾರು?' ಎಂದು ಕೇಳುವಂತಾಗಬಾರದು.