ಬಿಲ್ಲೆಯಣುಗಳ ಸ್ತಂಭವಿನ್ಯಾಸ: ದ್ರವಸ್ಫಟಿಕದ ಇತಿಹಾಸದಲ್ಲೊಂದು ಅಧ್ಯಾಯ

ಘನ, ದ್ರವ, ಅನಿಲಗಳೆಂಬ ಮೂರು ಅವಸ್ಥೆಗಳಲ್ಲಿಯೇ ದ್ರವ್ಯದ ಕಥೆ ಮುಗಿಯಿತೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, 1888ರಲ್ಲಿ, ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಅವರಿಗೆ ಒಂದು ವೈಚಿತ್ರ್ಯ ಗೋಚರಿಸಿತು. ಕೊಲೆಸ್ಟರಾಲಿನಿಂದ ಪಡೆದ ವಸ್ತುವೊಂದು 145.5 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಮಬ್ಬು ಕಳೆದು ತಿಳಿಯಾಯಿತು. ಜರ್ಮನಿಯ ಲೇಮನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಮಬ್ಬಾದ ಸ್ಥಿತಿಯಲ್ಲಿ ಅದು ದ್ರವದಂತೆ ಹರಿದರೂ ಬೆಳಕಿನ ಮಟ್ಟಿಗೆ ಸ್ಫಟಿಕದಂತೆಯೇ ವರ್ತಿಸುವುದೆಂದು ಕಂಡರು. ದ್ರವಸ್ಫಟಿಕವೆಂಬ ಹೆಸರು ಹೀಗೆ ರೂಢಿಗೆ ಬಂದಿತು.

ಮುಂದೆ ಹಾಲೆ ನಗರದ ಫೋರ್ಲೆಂಡರ್ ಅನೇಕ ಸಂಯುಕ್ತಗಳನ್ನು ತಯಾರಿಸಿ, ಅಣು ನೀಳವೂ ನೇರವೂ ಆದಷ್ಟು ಈ ಗುಣ ಹೆಚ್ಚುವುದೆಂದು ತೋರಿಸಿದರು. ಪೆಟ್ಟಿಗೆಯೊಳಗಿನ ಬೆಂಕಿಕಡ್ಡಿಗಳು ಒಂದೇ ದಿಕ್ಕಿಗೆ ಮಲಗುವಂತೆ ಕಡ್ಡಿಯಾಕಾರದ ಅಣುಗಳೂ ಸಾಲುಗೂಡುವುವು. ಬಹುಕಾಲದ ಅನುಭವವು ಕ್ರಮೇಣ ನಿಯಮದ ಗೌರವವನ್ನು ಪಡೆಯಿತು. ಕಡ್ಡಿಯಾಕಾರವಿಲ್ಲದೆ ದ್ರವಸ್ಫಟಿಕವಿಲ್ಲವೆಂಬ ಭಾವನೆ ಬೇರೂರಿತು.

ಈ ಭಾವನೆಯನ್ನು ಅಲುಗಿಸಿದ ಶೋಧ ನಡೆದದ್ದು ಬೆಂಗಳೂರಿನಲ್ಲಿ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದ ಎಸ್. ಚಂದ್ರಶೇಖರ್ ಅವರು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿ, ಅಲ್ಲಿ ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಅವರು ಪರೀಕ್ಷಿಸಿದ ಅಣುಗಳು ಕಡ್ಡಿಗಳಲ್ಲ, ಬಿಲ್ಲೆಗಳು: ನಡುವೆ ಚಪ್ಪಟೆಯಾದ ಗಟ್ಟಿ ಬೆಂಜೀನ್ ಉಂಗುರ, ಸುತ್ತಲೂ ಬಳುಕುವ ಆರು ಸರಪಣಿಗಳು. ಎಣಿಸಿಟ್ಟ ನಾಣ್ಯಗಳಂತೆ ಇವು ಒಂದರ ಮೇಲೊಂದು ಕುಳಿತು ಸ್ತಂಭಗಳಾಗುವುವು. ಸ್ತಂಭಗಳು ಷಟ್ಕೋನ ಜಾಲದಲ್ಲಿ ನಿಲ್ಲುವುವು. ಆದರೆ ಸ್ತಂಭದೊಳಗೆ ಬಿಲ್ಲೆಗಳ ನಡುವಣ ಅಂತರ ಕ್ರಮಬದ್ಧವಲ್ಲ. ಎರಡು ದಿಕ್ಕಿನಲ್ಲಿ ಸ್ಫಟಿಕ, ಮೂರನೆಯದರಲ್ಲಿ ದ್ರವ! ಕ್ಷ-ಕಿರಣಗಳು ಇದಕ್ಕೆ ಸಾಕ್ಷಿ ನುಡಿದವು.

ಈ ಫಲಿತಾಂಶವು 1977ರಲ್ಲಿ ಪ್ರಕಟವಾದದ್ದು ವಿದೇಶದ ಪತ್ರಿಕೆಯಲ್ಲಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ದಲ್ಲಿ. ಪಶ್ಚಿಮದ ಮುದ್ರೆ ಬಿದ್ದ ಮೇಲೆಯೇ ಮಾನ್ಯತೆಯೆಂಬ ಶಂಕೆ ನಮ್ಮ ವಿದ್ವದ್ವಲಯವನ್ನು ಇನ್ನೂ ಬಿಟ್ಟಿಲ್ಲ. ಆದರೆ ಈ ಕಿರುಲೇಖನವನ್ನು ಜಗತ್ತು ತಾನಾಗಿ ಹುಡುಕಿಕೊಂಡು ಬಂದಿತು. 1979ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಸಂಶೋಧಕರು, ಸ್ತಂಭವಾಗದೆ ಒಂದೇ ದಿಕ್ಕಿಗೆ ಮುಖಮಾಡುವ ಬಿಲ್ಲೆಯಣುಗಳನ್ನು ಕಂಡರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಅಣುಗಳ ತೆಳುಪೊರೆಯನ್ನು ತಯಾರಿಸಿ, ದ್ರವಸ್ಫಟಿಕದ ಪರದೆಯನ್ನು ಓರೆಯಿಂದ ನೋಡಿದಾಗ ಚಿತ್ರ ಕೆಡುತ್ತಿದ್ದ ದೋಷವನ್ನು ಬಹುಮಟ್ಟಿಗೆ ನೀಗಿಸಿತು.

ಚಂದ್ರಶೇಖರ್ ಅವರು 2004ರಲ್ಲಿ ನಿಧನರಾದರು. ರೂಢಿಯನ್ನು ನಿಯಮವೆಂದು ಒಪ್ಪಿಕೊಳ್ಳುವ ಮುನ್ನ ಅದನ್ನು ಒರೆಗೆ ಹಚ್ಚಬೇಕೆಂಬ ಪಾಠಕ್ಕೆ ಅವರ ಬಿಲ್ಲೆಯಣುಗಳೇ ನಿದರ್ಶನ.