ಬೆಂಗಳೂರು ಕರಗ

ಬೆಂಗಳೂರು ಕರಗವು ಬೆಂಗಳೂರು ನಗರದ ಹಳೆಯ ಪೇಟೆ ಪ್ರದೇಶದಲ್ಲಿ ಪ್ರತಿ ವರ್ಷ ಚೈತ್ರ ಮಾಸದಲ್ಲಿ ನಡೆಯುವ ಶಕ್ತ್ಯುತ್ಸವವಾಗಿದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯವು ಈ ಉತ್ಸವದ ಕೇಂದ್ರವಾಗಿದ್ದು, ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳ ಸಮುದಾಯದವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ದ್ರೌಪದಿಯನ್ನು ಆದಿಶಕ್ತಿಯ ರೂಪದಲ್ಲಿ ಆರಾಧಿಸುವುದು ಈ ಉತ್ಸವದ ತಿರುಳು. ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ ಮಲ್ಲಿಗೆ ಹೂವಿನಿಂದ ಅಲಂಕೃತವಾದ ಕರಗವು ನಗರದ ಬೀದಿಗಳಲ್ಲಿ ಸಂಚರಿಸುತ್ತದೆ. ಬೇಸಿಗೆಯ ಆರಂಭದಲ್ಲಿ, ಸಾಮಾನ್ಯವಾಗಿ ಮಾರ್ಚ್ ಅಂತ್ಯ ಅಥವಾ ಏಪ್ರಿಲ್ ತಿಂಗಳಿನಲ್ಲಿ ಬರುವ ಈ ಉತ್ಸವವು ನಗರದ ಅತ್ಯಂತ ಹಳೆಯ ಸಾಮುದಾಯಿಕ ಆಚರಣೆಗಳಲ್ಲಿ ಒಂದು. ಇದರ ವಿಧಿಗಳು ಕೆರೆ ಮತ್ತು ಕುಂಟೆಗಳೊಡನೆ ಹೆಣೆದುಕೊಂಡಿರುವುದರಿಂದ, ಬೆಂಗಳೂರಿನ ಕೆರೆಗಳ ಇತಿಹಾಸವನ್ನು ಅರಿಯುವುದಕ್ಕೂ ಇದು ನೆರವಾಗುತ್ತದೆ.

ಹೆಸರಿನ ಅರ್ಥ

'ಕರಗ' ಎಂದರೆ ನೀರು ತುಂಬಿದ ಕಳಶ ಅಥವಾ ಮಡಕೆ. ಭಕ್ತರಲ್ಲಿ ಈ ಪದಕ್ಕೆ ಮತ್ತೊಂದು ವಿವರಣೆಯೂ ಬಳಕೆಯಲ್ಲಿದೆ. ಅದರಂತೆ 'ಕ' ಎಂದರೆ ಕೈಯಿಂದ ಮುಟ್ಟದೆ, 'ರ' ಎಂದರೆ ರುಂಡದ ಮೇಲೆ ಧರಿಸಿ, 'ಗ' ಎಂದರೆ ಗತಿಸುವುದು, ಅಂದರೆ ಸಾಗುವುದು. ಇದು ಜನಪದ ವ್ಯುತ್ಪತ್ತಿಯಾಗಿದ್ದರೂ ಆಚರಣೆಯ ಮುಖ್ಯ ನಿಯಮವನ್ನು ಸರಿಯಾಗಿಯೇ ಸೂಚಿಸುತ್ತದೆ. ಕರಗವನ್ನು ತಲೆಯ ಮೇಲೆ ಹೊತ್ತವರು ಮೆರವಣಿಗೆಯ ಉದ್ದಕ್ಕೂ ಅದನ್ನು ಕೈಯಿಂದ ಹಿಡಿಯುವಂತಿಲ್ಲ.

ಪೌರಾಣಿಕ ಹಿನ್ನೆಲೆ

ಸಮುದಾಯದಲ್ಲಿ ಪ್ರಚಲಿತವಿರುವ ಕಥೆಯು ಮಹಾಭಾರತದ ಕೊನೆಯ ಭಾಗವನ್ನು ಆಧರಿಸಿದೆ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ದ್ರೌಪದಿಯು ದಾರಿಯಲ್ಲಿ ಹಿಂದೆ ಉಳಿಯುತ್ತಾಳೆ. ಆಗ ತಿಮಿರಾಸುರನೆಂಬ ರಾಕ್ಷಸನು ಎದುರಾಗುತ್ತಾನೆ. ದ್ರೌಪದಿಯು ಆದಿಶಕ್ತಿಯ ರೂಪವನ್ನು ತಾಳಿ ತನ್ನ ದೇಹದಿಂದ ವೀರಕುಮಾರರನ್ನು ಸೃಷ್ಟಿಸುತ್ತಾಳೆ. ಅವರ ನೆರವಿನಿಂದ ಅಸುರನು ಹತನಾಗುತ್ತಾನೆ. ಬಳಿಕ ದೇವಿಯು ಹೊರಡಲು ಸಿದ್ಧಳಾದಾಗ ವೀರಕುಮಾರರು ತಮ್ಮನ್ನು ಬಿಟ್ಟು ಹೋಗಬಾರದೆಂದು ಬೇಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಚೈತ್ರ ಮಾಸದಲ್ಲಿ ಮೂರು ದಿನ ಅವರೊಡನೆ ಇರುವುದಾಗಿ ಆಕೆ ಮಾತು ಕೊಡುತ್ತಾಳೆ. ತಿಗಳರು ತಮ್ಮನ್ನು ಈ ವೀರಕುಮಾರರ ವಂಶಸ್ಥರೆಂದು ಭಾವಿಸುತ್ತಾರೆ. ಕರಗವು ದೇವಿಯು ಮರಳಿ ಬರುವುದರ ಸಂಕೇತ.

ತಿಗಳ ಸಮುದಾಯ

ತಿಗಳರು ಪರಂಪರೆಯಿಂದ ತೋಟಗಾರಿಕೆಯನ್ನು ವೃತ್ತಿಯಾಗಿ ಉಳ್ಳವರು. ಹೂವು, ಹಣ್ಣು, ಸೊಪ್ಪು ಮತ್ತು ತರಕಾರಿಗಳನ್ನು ಬೆಳೆದು ಪೇಟೆಗೂ ಮುಂದೆ ದಂಡು ಪ್ರದೇಶಕ್ಕೂ ಒದಗಿಸುತ್ತಿದ್ದರು. ಅವರ ತೋಟಗಳು ಕೆರೆಗಳ ಅಂಚಿನಲ್ಲಿಯೂ ಕೆರೆಯ ಕೆಳಗಿನ ಜಮೀನುಗಳಲ್ಲಿಯೂ ಇದ್ದುದರಿಂದ ಕೆರೆಯ ನೀರೇ ಅವರ ಜೀವನಾಧಾರವಾಗಿತ್ತು. ಉತ್ಸವದ ಮುಖ್ಯ ವಸ್ತುಗಳಾದ ನೀರು, ಮಣ್ಣಿನ ಮಡಕೆ ಮತ್ತು ಮಲ್ಲಿಗೆ ಹೂವುಗಳು ಈ ವೃತ್ತಿಜೀವನಕ್ಕೆ ಹತ್ತಿರವಾದವು.

ಆಚರಣೆಯ ಕ್ರಮ

ಉತ್ಸವವು ಚೈತ್ರ ಶುದ್ಧ ಸಪ್ತಮಿಯಂದು ಧ್ವಜಾರೋಹಣದೊಂದಿಗೆ ಆರಂಭವಾಗಿ ಸುಮಾರು 11 ದಿನ ನಡೆಯುತ್ತದೆ. ಇದರ ಪ್ರಮುಖ ಘಟ್ಟಗಳು ಹೀಗಿವೆ:

ಹಸಿ ಕರಗ: ತ್ರಯೋದಶಿಯಂದು ಸಂಪಂಗಿ ಕೆರೆಯ ಅಂಗಳದಲ್ಲಿರುವ ಕುಂಟೆಯ ಬಳಿ ವಿಧಿಗಳು ನಡೆಯುತ್ತವೆ. ಅಲ್ಲಿಂದ ಹಸಿ ಮಣ್ಣಿನ ಕರಗವನ್ನು ದೇವಾಲಯಕ್ಕೆ ತರಲಾಗುತ್ತದೆ.

ಪೊಂಗಲ್ ಸೇವೆ: ಹುಣ್ಣಿಮೆಯ ಹಿಂದಿನ ದಿನ ಸಮುದಾಯದ ಮಹಿಳೆಯರು ದೇವಿಗೆ ನೈವೇದ್ಯ ಅರ್ಪಿಸುತ್ತಾರೆ.

ಹೂವಿನ ಕರಗ: ಹುಣ್ಣಿಮೆಯ ರಾತ್ರಿ ಕರಗ ಶಕ್ತ್ಯುತ್ಸವ ನಡೆಯುತ್ತದೆ. ಮಧ್ಯರಾತ್ರಿಯ ನಂತರ ಹೊರಡುವ ಕರಗವು ಬೆಳಗಿನ ವೇಳೆಗೆ ದೇವಾಲಯಕ್ಕೆ ಮರಳುತ್ತದೆ.

ಮುಕ್ತಾಯ: ಗಾವು ಶಾಂತಿಯ ನಂತರ ಅರಿಶಿನ ನೀರನ್ನು ಎರಚಾಡುವ ವಸಂತೋತ್ಸವ ಹಾಗೂ ಧ್ವಜಾವರೋಹಣದೊಂದಿಗೆ ಉತ್ಸವ ಮುಗಿಯುತ್ತದೆ.

ಕರಗಧಾರಿ ಮತ್ತು ವೀರಕುಮಾರರು

ಕರಗವನ್ನು ಹೊರುವವರು ಸಮುದಾಯದ ಅರ್ಚಕ ಮನೆತನಗಳಿಗೆ ಸೇರಿದ ಪುರುಷರು. ಅವರು ಉತ್ಸವಕ್ಕೆ ಮುಂಚಿತವಾಗಿ ಕಠಿಣ ವ್ರತವನ್ನು ಪಾಲಿಸುತ್ತಾರೆ. ಮೆರವಣಿಗೆಯಂದು ಸೀರೆ, ಬಳೆ, ಮಾಂಗಲ್ಯ, ಕಾಡಿಗೆ ಮತ್ತು ಕುಂಕುಮಗಳನ್ನು ಧರಿಸಿ ಸ್ತ್ರೀವೇಷದಲ್ಲಿ ಕಾಣಿಸಿಕೊಳ್ಳುತ್ತಾರೆ. ಉತ್ಸವದ ಅವಧಿಯಲ್ಲಿ ಕರಗಧಾರಿಯ ಪತ್ನಿಯು ತನ್ನ ಮಾಂಗಲ್ಯವನ್ನು ಪತಿಗೆ ಒಪ್ಪಿಸಿ, ಕರಗವನ್ನೂ ಪತಿಯನ್ನೂ ನೋಡದೆ ಪ್ರತ್ಯೇಕವಾಗಿ ಇರುವುದು ಸಂಪ್ರದಾಯ.

ಬಿಚ್ಚುಗತ್ತಿಗಳನ್ನು ಹಿಡಿದ ವೀರಕುಮಾರರು ಕರಗದ ಸುತ್ತ ಕಾವಲಾಗಿ ಸಾಗುತ್ತಾರೆ. ಇವರು ಕತ್ತಿಯ ಅಲಗಿನಿಂದ ಎದೆಗೆ ತಾಗಿಸಿಕೊಳ್ಳುವ ಸೇವೆಗೆ ಅಲಗು ಸೇವೆ ಎಂದು ಹೆಸರು. ಈ ಸೇವೆಯ ಸಮಯದಲ್ಲಿ ಗೋವಿಂದ ನಾಮಸ್ಮರಣೆ ಕೇಳಿಬರುತ್ತದೆ. ಕರಗಧಾರಿಯು ಎಡವಿ ಕರಗವನ್ನು ಬೀಳಿಸಿದರೆ ವೀರಕುಮಾರರು ಅವರನ್ನು ದಂಡಿಸಬೇಕೆಂಬ ಹಳೆಯ ನಂಬಿಕೆಯೂ ಜನರಲ್ಲಿದೆ.

ಮೆರವಣಿಗೆ ಮತ್ತು ದರ್ಗಾ ಭೇಟಿ

ಹೂವಿನ ಕರಗವು ಹಳೆಯ ಪೇಟೆಯ ಬೀದಿಗಳಲ್ಲಿ ಸಾಗಿ ಹಲವು ದೇವಾಲಯಗಳಲ್ಲಿ ಪೂಜೆ ಸ್ವೀಕರಿಸುತ್ತದೆ. ಕಾಟನ್‌ಪೇಟೆಯಲ್ಲಿರುವ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡುವುದು ಈ ಮೆರವಣಿಗೆಯ ವಿಶೇಷ. ಮಸ್ತಾನ್ ಸಾಬ್ ಎಂದೂ ಕರೆಯಲಾಗುವ ಈ ಸೂಫಿ ಸಂತರು ಹೈದರ್ ಅಲಿಯ ಕಾಲದಲ್ಲಿ ಬೆಂಗಳೂರಿನಲ್ಲಿ ಇದ್ದರೆಂದು ಹೇಳಲಾಗುತ್ತದೆ. ಒಂದು ಐತಿಹ್ಯದ ಪ್ರಕಾರ ಕರಗದ ಜನಸಂದಣಿಯಲ್ಲಿ ಅವರಿಗೆ ಗಾಯವಾದಾಗ ಅರ್ಚಕರು ಹಚ್ಚಿದ ಕುಂಕುಮದಿಂದ ರಕ್ತ ನಿಂತಿತು. ಮುಂದೆಯೂ ಕರಗವು ತಮ್ಮ ಸನ್ನಿಧಿಗೆ ಬರಬೇಕೆಂದು ಅವರು ಕೋರಿದರು.

2022ರಲ್ಲಿ ಈ ಭೇಟಿಯನ್ನು ಕೈಬಿಡಬೇಕೆಂಬ ಒತ್ತಾಯ ಕೆಲವರಿಂದ ಕೇಳಿಬಂದಿತ್ತು. ದೇವಾಲಯದವರು ಪರಂಪರೆಯನ್ನು ಮುಂದುವರಿಸುವುದಾಗಿ ತಿಳಿಸಿದರು. ಆ ವರ್ಷವೂ ಕರಗವು ದರ್ಗಾಕ್ಕೆ ಹೋಯಿತು. ಅದಕ್ಕೂ ಮೊದಲು, ಕೋವಿಡ್-19 ನಿರ್ಬಂಧಗಳ ಕಾರಣ 2020 ಮತ್ತು 2021ರಲ್ಲಿ ಉತ್ಸವವು ದೇವಾಲಯದ ಆವರಣಕ್ಕೆ ಸೀಮಿತವಾಗಿ, ಸರಳವಾಗಿ ನಡೆದಿತ್ತು.

ಸಂಪಂಗಿ ಕೆರೆ ಮತ್ತು ದಂಡು ಪ್ರದೇಶ

ಬ್ರಿಟಿಷರು 1809ರಲ್ಲಿ ಹಲಸೂರಿನ ಕಡೆ ದಂಡು ಪ್ರದೇಶವನ್ನು ಸ್ಥಾಪಿಸಿದ ನಂತರ ಬೆಂಗಳೂರು ಎರಡು ಭಾಗಗಳಾಗಿ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಪೇಟೆ ಮತ್ತು ದಂಡಿನ ನಡುವೆ ಸಂಪಂಗಿ ಕೆರೆ ಇತ್ತು. ಪೇಟೆಯ ಕಡೆಯ ತೋಟಗಾರರಿಗೆ ಕೆರೆ ತುಂಬಿರುವುದು ಅಗತ್ಯವಾಗಿತ್ತು. ದಂಡಿನ ಕಡೆಯವರಿಗೆ ಒಣ ಮೈದಾನವು ಉಪಯುಕ್ತವಾಗಿ ಕಂಡಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಕುರಿತು ಉಂಟಾದ ವಿವಾದವನ್ನು ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮತ್ತಿತರ ಸಂಶೋಧಕರು ಅಧ್ಯಯನ ಮಾಡಿದ್ದಾರೆ.

1890ರ ದಶಕದಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆಗಳ ಮೂಲಕ ನೀರು ಬಂದ ಮೇಲೆ ನಗರದೊಳಗಿನ ಕೆರೆಗಳ ಮೇಲಿನ ಅವಲಂಬನೆ ಕಡಿಮೆಯಾಯಿತು. ಸಂಪಂಗಿ ಕೆರೆಯು ಕ್ರಮೇಣ ಬತ್ತಿ, ಪೋಲೊ ಆಟದ ಮೈದಾನವಾಯಿತು. ಈಗ ಅಲ್ಲಿ ಶ್ರೀ ಕಂಠೀರವ ಕ್ರೀಡಾಂಗಣವಿದೆ. ಪೇಟೆಯ ಪಶ್ಚಿಮಕ್ಕಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ತಲೆಯೆತ್ತಿದೆ. ಸಂಪಂಗಿ ಕೆರೆಯಲ್ಲಿ ಕರಗದ ವಿಧಿಗಳಿಗಾಗಿ ಬಿಟ್ಟ ಒಂದು ಚಿಕ್ಕ ಕುಂಟೆ ಮಾತ್ರ ಉಳಿಯಿತು. ಸಮೀಪದ ಕಬ್ಬನ್ ಉದ್ಯಾನದಲ್ಲಿಯೂ ಕರಗದ ಕುಂಟೆ ಎಂಬ ಹೆಸರಿನ ಕೊಳವಿದೆ. ತೋಟಗಳಿಗೆ ನೀರುಣಿಸುತ್ತಿದ್ದ ಕೆರೆಯು ಇಲ್ಲವಾದರೂ, ವರ್ಷಕ್ಕೊಮ್ಮೆ ಹಸಿ ಕರಗ ಅಲ್ಲಿಂದಲೇ ಹೊರಡಬೇಕೆಂಬ ನಿಯಮವು ಆ ತುಣುಕು ನೀರನ್ನು ಉಳಿಸಿದೆ.

ಪೂರ್ವ ಬೆಂಗಳೂರಿನ ಚೈತ್ರೋತ್ಸವ

ದಂಡು ಪ್ರದೇಶದ ಭಾಗವಾಗಿದ್ದ ಹಲಸೂರಿನಲ್ಲಿಯೂ ಬೇಸಿಗೆಯ ಇದೇ ಕಾಲದಲ್ಲಿ ಸೋಮೇಶ್ವರಸ್ವಾಮಿ ದೇವಾಲಯದ ಜಾತ್ರೆ ಮತ್ತು ಹೂವಿನ ಪಲ್ಲಕ್ಕಿ ಉತ್ಸವ ನಡೆಯುತ್ತವೆ. ಸುತ್ತಮುತ್ತಲಿನ ಅನೇಕ ದೇವಾಲಯಗಳ ಪಲ್ಲಕ್ಕಿಗಳು ಹೂವು ಹಾಗೂ ವಿದ್ಯುದ್ದೀಪಗಳ ಅಲಂಕಾರದೊಂದಿಗೆ ರಾತ್ರಿಯಿಡೀ ಬೀದಿಗಳಲ್ಲಿ ಸಾಗುತ್ತವೆ. ಸಂಪಂಗಿಯ ಗತಿ ಹಲಸೂರು ಕೆರೆಗೆ ಬಂದಿಲ್ಲ. ಅದು ಇಂದಿಗೂ ಉಳಿದಿದೆ.

ಇತರ ಕಡೆಗಳಲ್ಲಿ

ಹೊಸಕೋಟೆ, ಆನೇಕಲ್, ಮಾಲೂರು, ಕೋಲಾರ ಮೊದಲಾದ ಊರುಗಳಲ್ಲಿಯೂ ದ್ರೌಪದಿ ಕರಗ ನಡೆಯುತ್ತದೆ. ಮಡಿಕೇರಿ ದಸರಾದ ಕರಗಗಳು ಇದಕ್ಕಿಂತ ಭಿನ್ನವಾಗಿದ್ದು, ಅಲ್ಲಿನ ನಾಲ್ಕು ಶಕ್ತಿದೇವತೆಗಳ ದೇವಾಲಯಗಳಿಗೆ ಸಂಬಂಧಿಸಿವೆ. ದ್ರೌಪದಿಯ ಆರಾಧನೆಯು ತಮಿಳುನಾಡಿನ ಸೆಂಜಿ ಪ್ರದೇಶದಲ್ಲಿ ವ್ಯಾಪಕವಾಗಿದೆ. ಶ್ರೀಲಂಕಾದ ಉಡಪ್ಪು ಮತ್ತು ಸಿಂಗಪುರಗಳಲ್ಲಿ ದ್ರೌಪದಿಗೆ ಸಂಬಂಧಿಸಿದ ಉತ್ಸವಗಳಲ್ಲಿ ಕೆಂಡ ಹಾಯುವ ಪದ್ಧತಿಯಿದೆ.

ಅಧ್ಯಯನಗಳು

ಆಲ್ಫ್ ಹಿಲ್ಟೆಬೈಟಲ್ ಅವರು ದಕ್ಷಿಣ ಭಾರತದ ದ್ರೌಪದಿ ಆರಾಧನೆಯ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೆಂಗಳೂರು ಕರಗವನ್ನು ನಗರದ ಸ್ಮೃತಿಯ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಕೆರೆ, ತೋಟ ಮತ್ತು ಕೋಟೆಗಳಿದ್ದ ಹಳೆಯ ಬೆಂಗಳೂರಿನ ನಕ್ಷೆಯನ್ನು ಈ ಉತ್ಸವದ ದಾರಿಯು ಮತ್ತೆ ಮತ್ತೆ ನೆನಪಿಗೆ ತರುತ್ತದೆ ಎಂಬುದು ಅವರ ಅಧ್ಯಯನದಿಂದ ಕಂಡುಬರುತ್ತದೆ.