ದೈತ್ಯನಿಗೆ ಕೇಡು ಬಂದದ್ದೆಲ್ಲಿಂದ?

1818ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಬರೆದು ಮುಗಿಸಿದಾಗ ಮೇರಿ ಶೆಲ್ಲಿಗೆ 19 ವರ್ಷ. ವಿದ್ಯಾರ್ಥಿಗಳೇ, ಫ್ರಾಂಕೆನ್‌ಸ್ಟೈನ್ ಎಂಬುದು ದೈತ್ಯನ ಹೆಸರಲ್ಲ. ಅವನನ್ನು ಸೃಷ್ಟಿಸಿ, ಕಂಡೊಡನೆ ಹೆದರಿ ಓಡಿದವನ ಹೆಸರು. ಹೆಸರೇ ಇಲ್ಲದ ಆ ದೈತ್ಯ ಮೊದಲಿಗೆ ಕೇಡಿಯಲ್ಲ. ಬಡ ಕುಟುಂಬವೊಂದಕ್ಕೆ ಗುಟ್ಟಾಗಿ ಸೌದೆ ಒದಗಿಸುತ್ತಾನೆ. ಮುಳುಗುತ್ತಿದ್ದ ಹುಡುಗಿಯನ್ನು ಉಳಿಸಿ ಗುಂಡೇಟು ತಿನ್ನುತ್ತಾನೆ. ಕೊಲೆ ಆಮೇಲಿನದು.

1931ರ ಹಾಲಿವುಡ್ ಚಲನಚಿತ್ರದಲ್ಲಿ ಕಥೆಯೇ ಬದಲಾಯಿತು. ಅಲ್ಲಿ ಸಹಾಯಕ ಕದ್ದು ತರುವುದು ಅಪರಾಧಿಯ ಮಿದುಳು! ಕೇಡು ಹುಟ್ಟುಗುಣವಾಯಿತು, ಸೃಷ್ಟಿಸಿದವನ ಹೊಣೆ ಹಗುರವಾಯಿತು.

ಕಾದಂಬರಿ ಮಾತ್ರ ಯಾರನ್ನೂ ಪಾರು ಮಾಡುವುದಿಲ್ಲ. ತಿರಸ್ಕಾರ ದೈತ್ಯನನ್ನು ಕೆರಳಿಸಿತು, ನಿಜ. ಆದರೆ ತಾನು ಕೊಂದ ಬಾಲಕನ ಬಳಿಯಿದ್ದ ಪುಟ್ಟ ಭಾವಚಿತ್ರವನ್ನು ಅವನು ನಿರಪರಾಧಿ ಜಸ್ಟೀನಳ ಉಡುಪಿನಲ್ಲಿ ಅಡಗಿಸಿದ, ಅವಳಿಗೆ ಮರಣದಂಡನೆಯಾಯಿತು. ಹಾಗೆ ಮಾಡೆಂದು ಅವನನ್ನು ಯಾರೂ ಒತ್ತಾಯಿಸಿರಲಿಲ್ಲ.